ಹೊಲ ಅಲ್ಲೇ ಇದೆ

ಠಾಣಾ ಕುಶನೂರ, ಔರಾದ ತಾಲೂಕು
12 ಫೆಬ್ರವರಿ 1950

ಗೆಳೆಯ ಖಾಜಾ ಮಿಯಾನಿಗೆ ಜ್ಞಾನೋಬಾನ ಸಲಾಮು.

ನಿನ್ನ ವಿಳಾಸ ಸಿಕ್ಕಿದ್ದು ಮೊನ್ನೆ. ಭಾಲ್ಕಿಯ ಸಂತೆಯಲ್ಲಿ ನಿನ್ನ ಹೆಂಡತಿ ಅಕ್ತರಬೀಯ ಅಣ್ಣ ಕಂಡ. ನನ್ನನ್ನು ನೋಡಿ ಮುಖ ತಿರುಗಿಸಿದ. ಬೆನ್ನು ಬಿಡದೆ ಕೇಳಿದ್ದಕ್ಕೆ, ನೀನು ಬೀದರಿನಲ್ಲಿ ಶಹಾಗಂಜ್ ದರವಾಜೆಯ ಹತ್ತಿರ ಇದ್ದೀಯ, ಬೇಳೆ ಕಾರಖಾನೆಯಲ್ಲಿ ನೌಕರಿ ಎಂದಷ್ಟೇ ಹೇಳಿ ಹೊರಟುಹೋದ. ಇಷ್ಟು ದಿನ ನೀನು ಹೈದರಾಬಾದು ಸೇರಿದ್ದೀಯ ಎಂದುಕೊಂಡಿದ್ದೆ. ಇಷ್ಟು ಹತ್ತಿರ ಇದ್ದೀಯ ಎಂದು ಗೊತ್ತಾದ ಮೇಲೆ ಬರೆಯದೆ ಇರಲಾಗಲಿಲ್ಲ. ಭಾಲ್ಕಿಯ ಮಠದ ಶಾಲೆಯಲ್ಲಿ ಇಬ್ಬರೂ ಕೂಡಿ ಕಲಿತ ಅಕ್ಷರ, ಅದೇ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ರಜಾಕಾರರು ನನ್ನ ಬಣವೆ ಸುಟ್ಟ ಬೇಸಿಗೆಯಲ್ಲಿ ನಾನು ಗಡಿ ದಾಟಿ ಓಡಿದೆ. ಆಗ ನನ್ನ ಅವ್ವನನ್ನು ನಿನ್ನ ಮನೆಯಲ್ಲಿಟ್ಟುಕೊಂಡು ಕಾಪಾಡಿದವನು ನೀನು. ಪೊಲೀಸ್ ಯಾಕ್ಷನ್ನು ಮುಗಿದು ನಾನು ಊರಿಗೆ ಬರುವಷ್ಟರಲ್ಲಿ ನೀವೇ ಇರಲಿಲ್ಲ. ನಿನ್ನ ಅಣ್ಣನ ಸುದ್ದಿಯನ್ನು ಅವ್ವನೇ ಹೇಳಿದಳು. ಅದರ ಬಗ್ಗೆ ಬರೆಯಲು ನನಗೆ ಮಾತು ಬರುವುದಿಲ್ಲ.

ಬೇರೆ ಸುದ್ದಿ ಇದೆ. ಸಹಕಾರ ಇಲಾಖೆಯಿಂದ ದತ್ತಾತ್ರೇಯ ಎಂಬ ಸುಪರವೈಸರ್ ಬಂದಿದ್ದಾರೆ. ಪುಣೆಯಲ್ಲಿ ಕಲಿತವರು. ವಾರಕ್ಕೊಮ್ಮೆ ಚಾವಡಿಯಲ್ಲಿ ನಮಗೆ ಪಾಠ ನಡೆಸುತ್ತಾರೆ. ಸಣ್ಣ ಹೊಲದವರೆಲ್ಲ ಕೂಡಿ ಸಂಘ ಕಟ್ಟಬೇಕು, ಅದನ್ನು ಕಾಯ್ದೆಯಂತೆ ರಜಿಸ್ಟರ್ ಮಾಡಿಸಬೇಕು, ತೊಗರಿಯನ್ನು ಒಟ್ಟಿಗೆ ತೂಗಿ ಒಟ್ಟಿಗೆ ಮಾರಬೇಕು ಎನ್ನುವುದು ಅವರ ಪಾಠ. ನಿನಗೆ ಗೊತ್ತೇ ಇದೆ, ಊರಿನ ತೊಗರಿ ಎಲ್ಲವೂ ಕಾಶೀರಾಮ ಶೇಟನ ಭಾಲ್ಕಿಯ ದಲಾಲಿಯ ಅಡತಿ ಅಂಗಡಿಗೇ ಹೋಗುತ್ತದೆ. ತಕ್ಕಡಿಯೂ ಅವನದೇ, ಬೆಲೆ ಕಟ್ಟುವ ಭಾವವೂ ಅವನದೇ.

ರಜಿಸ್ಟರ್ ಆದ ಸಂಘ ಕಾಯ್ದೆಯ ಕಣ್ಣಿನಲ್ಲಿ ಒಬ್ಬ ಮನುಷ್ಯನ ಹಾಗೆ, ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳಬಹುದು, ಕೋರ್ಟಿಗೂ ಹೋಗಬಹುದು ಎಂದು ದತ್ತಾತ್ರೇಯರು ಹೇಳಿದಾಗ ಕುರಿ ಕಾಯುವ ಮಡೆಪ್ಪ ಬಹಳ ಹೊತ್ತು ಯೋಚಿಸಿದ. "ಹಂಗಾರ ಅದರ ಲಗ್ನದ ಜವಾಬ್ದಾರಿನೂ ನಮ್ದೇ ಏನ್ರಿ?" ಎಂದು ಕೇಳಿದ. ಚಾವಡಿ ನಕ್ಕು ನಕ್ಕು ಸಾಕಾಯಿತು. ಕಳೆದ ವಾರ ಕಲಿಯುವುದಕ್ಕೆಂದು ಒಂದು ಸುಳ್ಳು ಸಭೆ ನಡೆಸಿದೆವು. ಮಡೆಪ್ಪನೇ ಅಧ್ಯಕ್ಷ. ಅಧ್ಯಕ್ಷನೆಂದರೆ ಎಲ್ಲರಿಗಿಂತ ಹೆಚ್ಚು ಮಾತಾಡುವವನು ಎಂದು ತಿಳಿದು ಅವನು ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. ಅಧ್ಯಕ್ಷನ ಕೆಲಸ ಬೇರೆಯವರ ಬಾಯಿ ಬಿಡಿಸುವುದು ಎಂದು ಅವನಿಗೆ ತಿಳಿಹೇಳಬೇಕಾಯಿತು. ಸದಸ್ಯನಿಗೆ ಹೊಲ ಎಷ್ಟೇ ಇರಲಿ, ಮತ ಒಂದೇ ಅಂತೆ. ಹೆಣ್ಣುಮಕ್ಕಳಿಗೂ ಒಂದೋ, ಅರ್ಧವೋ ಎಂದು ಪುತಳಾಬಾಯಿ ಕೇಳಿದಳು. ಗಂಡ ಸತ್ತ ಮೇಲೆ ಕುರಿ, ಹೊಲ ಎರಡನ್ನೂ ಒಬ್ಬಳೇ ನೋಡಿಕೊಳ್ಳುವ ಅದೇ ಪುತಳಾಬಾಯಿ, ನಿಮ್ಮ ಪಕ್ಕದ ಮನೆಯವಳು. ಒಂದು ಪೂರಾ ಎಂದು ಉತ್ತರ ಸಿಕ್ಕಿದ ದಿನದಿಂದ ಆಕೆ ಒಂದು ಪಾಠವನ್ನೂ ತಪ್ಪಿಸಿಲ್ಲ.

ಸ್ಥಾಪಕ ಸದಸ್ಯರಲ್ಲಿ ನಿನ್ನ ಹೆಸರೂ ಇರಬೇಕೆಂದು ನನ್ನ ಆಸೆ. ನಿನ್ನ ಹೊಲ ಪಾಳು ಬಿದ್ದಿಲ್ಲ, ಅದರ ಚಿಂತೆ ಬೇಡ. ಒಪ್ಪಿಗೆ ಬರೆದು ಕಳಿಸು.

ನಿನ್ನ,
ಜ್ಞಾನೋಬಾ


ಬೀದರ
3 ಮಾರ್ಚ್ 1950

ಶ್ರೀ ಜ್ಞಾನೇಶ್ವರರಿಗೆ,

ನಿಮ್ಮ ಪತ್ರ ತಲುಪಿತು. ನಾವು ಆರಾಮಾಗಿದ್ದೇವೆ. ನನಗೆ ಕಾರಖಾನೆಯಲ್ಲಿ ಕೆಲಸ ಚೆನ್ನಾಗಿ ನಡೆದಿದೆ.

ನಿಮ್ಮ ಸಂಘದಲ್ಲಿ ನನಗೆ ಕೆಲಸವಿಲ್ಲ. ಊರು ಬಿಟ್ಟವನ ಹೆಸರು ಊರಿನ ಕಾಗದದಲ್ಲಿ ಯಾಕೆ? ನನ್ನ ಹೊಲ ಪಾಳು ಬಿದ್ದಿಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಅದನ್ನು ಉಳುತ್ತಿರುವವರು ಯಾರು? ಇದೊಂದಕ್ಕೆ ಉತ್ತರ ಬರೆಯಿರಿ.

ಇಲ್ಲಿಗೆ ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಊರಿನ ಹೆಸರು ಕಿವಿಗೆ ಬಿದ್ದರೆ ಅಕ್ತರಬೀ ಮುಂದಿನ ತಾಟು ಸರಿಸಿ ಎದ್ದುಹೋಗುತ್ತಾಳೆ.

ನಿಮ್ಮ ಅವ್ವ ಸಖುಬಾಯಿಯವರಿಗೆ ನನ್ನ ಸಲಾಮು ತಿಳಿಸಿ.

ಖಾಜಾ ಮಿಯಾ


ಠಾಣಾ ಕುಶನೂರ
26 ಮಾರ್ಚ್ 1950

ಗೆಳೆಯ ಖಾಜಾ ಮಿಯಾನಿಗೆ,

ಪಟ್ಟಣ ಸೇರಿದ ಮೇಲೆ ನಿನಗೆ ನಾನು 'ಶ್ರೀ ಜ್ಞಾನೇಶ್ವರರು', 'ನೀವು' ಆಗಿಬಿಟ್ಟೆನಲ್ಲ. ಅವ್ವನಿಗೆ ಓದಿ ಹೇಳಿದೆ. "ಖಾಜಾ ದೊಡ್ಡ ನೌಕರಿದಾಗ ಅದಾನ, ಹಂಗೇ ಬರೀತಾರ" ಎಂದು ಸಮಾಧಾನ ಮಾಡಿದಳು. ನೀನು ಕಾರಖಾನೆಯ ಮುನ್ಷಿ ಆಗಿರಬೇಕೆಂದು ಆಕೆಯ ಲೆಕ್ಕ. ಆಗಿದ್ದರೆ ನನಗೂ ಸಂತೋಷವೇ.

ಪಾಠಗಳು ಜೋರಾಗಿವೆ. ಸಂಘದ ನಿಯಮಗಳನ್ನು ದತ್ತಾತ್ರೇಯರು ಒಂದೊಂದಾಗಿ ಓದುತ್ತಾರೆ, ನಾವು ಒಂದೊಂದಕ್ಕೂ ಜಗಳವಾಡುತ್ತೇವೆ. ಹಸಿ ತೊಗರಿ ತಂದವನಿಗೆ ಏನು ಮಾಡಬೇಕು, ಸಂಘಕ್ಕೆ ಕೊಡುತ್ತೇನೆಂದು ಹೇಳಿ ಕದ್ದು ಶೇಟನಿಗೆ ಮಾರಿದವನಿಗೆ ಏನು ಮಾಡಬೇಕು, ಇವೆಲ್ಲ ನಾವೇ ಬರೆಸಿದ ನಿಯಮಗಳು. ಮೊದಲೆಲ್ಲ ದತ್ತಾತ್ರೇಯರು ಹೇಳಿದ್ದಕ್ಕೆ ಹೂಂ ಅನ್ನುತ್ತಿದ್ದ ಜನ ಈಗ ಯಾಕ್ರಿ ಅನ್ನುತ್ತಾರೆ. ಅದನ್ನು ಕೇಳಿದರೆ ಅವರ ಮುಖ ಅರಳುತ್ತದೆ.

ಒಂದು ತೊಡಕು ಬಂದಿದೆ. ಕಾಶೀರಾಮ ಶೇಟ ತಾನೂ ಸೇರುತ್ತೇನೆ ಅನ್ನುತ್ತಿದ್ದಾನೆ. ಅವನನ್ನು ಅಧ್ಯಕ್ಷ ಮಾಡಿದರೆ ಭಾಲ್ಕಿಯ ಗೋದಾಮು ಬಿಟ್ಟುಕೊಡುತ್ತಾನಂತೆ. ಗೋದಾಮಿಲ್ಲದ ಸಂಘವನ್ನು ರಜಿಸ್ಟರ್ ಮಾಡಲು ಮೇಲಿನವರು ಹಿಂದೆಮುಂದೆ ನೋಡಬಹುದು, ಇದನ್ನು ಒಪ್ಪಿದರೆ ಕೆಲಸ ಬೇಗ ಆಗುತ್ತದೆ ಎಂದು ದತ್ತಾತ್ರೇಯರಿಗೂ ಅನ್ನಿಸಿದೆ.

ಹೊಲದ ವಿಷಯ ಕಾಗದದಲ್ಲಿ ಬೇಡ. ನೀನು ಬಂದಾಗ ಎದುರಿಗೆ ಕೂತು ಮಾತಾಡೋಣ. ನನ್ನ ಮೇಲೆ ಭರವಸೆ ಇಡು.

ನಿನ್ನ,
ಜ್ಞಾನೋಬಾ


ಬೀದರ
20 ಏಪ್ರಿಲ್ 1950

ಜ್ಞಾನೋಬಾ,

ಎದುರಿಗೆ ಕೂತು ಮಾತಾಡಲು ಏನಿದೆ? ನನ್ನ ಹೊಲ ಉಳುತ್ತಿರುವವನು ನೀನೇ. ಕಳೆದ ಮಳೆಗಾಲದಲ್ಲಿ ಬಿತ್ತಿ ರಾಶಿಯನ್ನೂ ಮಾಡಿದ್ದೀಯ. ನಿನ್ನ ಮೊದಲ ಪತ್ರ ಬರುವುದಕ್ಕೆ ಮುಂಚೆಯೇ ಇದು ನನ್ನ ಕಿವಿಗೆ ಬಿದ್ದಿತ್ತು. ಕಾಶೀರಾಮ ಶೇಟ ನಮ್ಮ ಕಾರಖಾನೆಗೆ ತೊಗರಿ ಹಾಕಲು ಬರುತ್ತಾನೆ. ಒಂದು ದಿನ ನನ್ನನ್ನು ಕರೆದು ಚಹಾ ಕುಡಿಸಿ, ನಿನ್ನ ಗೆಳೆಯ ನಿನ್ನ ಹೊಲ ನುಂಗಿದ ಎಂದ. ನಾನು ನಂಬಲಿಲ್ಲ. ನೀನೇ ಬರೆಯುತ್ತೀಯೇನೋ ಎಂದು ಕಾದೆ. ಒಂದೇ ಪ್ರಶ್ನೆ ಕೇಳಿದ್ದೆ, ಅದಕ್ಕೂ ಕಾಗದದಲ್ಲಿ ಬೇಡ ಅಂದೆ. ಈಗ ನಂಬಿದ್ದೇನೆ.

ನಿನ್ನ ಅವ್ವ ನಮ್ಮ ಮನೆಯಲ್ಲಿದ್ದ ದಿನಗಳಲ್ಲಿ ರಜಾಕಾರರು ಬಂದು ಇವಳು ಯಾರು ಎಂದು ಕೇಳಿದರು. ನನ್ನ ಅಣ್ಣ ಬಾಗಿಲಿಗೆ ಅಡ್ಡ ನಿಂತು ನಮ್ಮ ಅಮ್ಮ ಅಂದ. ಪೊಲೀಸ್ ಯಾಕ್ಷನ್ನು ಆದ ಮೇಲೆ ಅದೇ ಅಣ್ಣನನ್ನು ಮುಸಲ್ಮಾನನೆಂದು ಭಾಲ್ಕಿಯ ದಾರಿಯಲ್ಲಿ ಹೊಡೆದು ಕೊಂದರು. ಹೊಡೆದವರಲ್ಲಿ ಹೊರಗಿನವರೂ ಇದ್ದರು, ನಮಗೆ ಗೊತ್ತಿದ್ದ ಮುಖಗಳೂ ಇದ್ದವು. ಅಷ್ಟಾದ ಮೇಲೆ ನನಗೆ ಆ ಊರಿನಲ್ಲಿ ಉಳಿದಿದ್ದು ಎರಡೇ, ಆ ಹೊಲ ಮತ್ತು ನೀನು.

ಶೇಟ ಹೊಲ ಕೊಳ್ಳುತ್ತೇನೆ ಅಂದಿದ್ದಾನೆ. ಮಳೆ ಬೀಳುವುದರೊಳಗೆ ಬರೆದುಕೊಡು ಎಂದು ಅಕ್ತರಬೀಯೂ ಹೇಳುತ್ತಾಳೆ. ಬರೆದುಕೊಡುತ್ತೇನೆ. ಇನ್ನು ಪತ್ರ ಬರೆಯಬೇಡ.

ಖಾಜಾ


ಠಾಣಾ ಕುಶನೂರ
14 ಮೇ 1950

ಖಾಜಾ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಓದು. ಓದಿದ ಮೇಲೆ ಹರಿದರೂ ಸರಿ.

ಹೌದು, ನಿನ್ನ ಹೊಲ ಬಿತ್ತಿದವನು ನಾನೇ. ಒಡೆಯ ಓಡಿಹೋಗಿ ಬೀಳು ಬಿದ್ದ ಹೊಲಗಳನ್ನು ವಾರಸುದಾರರಿಲ್ಲದ್ದೆಂದು ಹರಾಜು ಹಾಕುತ್ತಾರೆ ಎಂದು ತಹಸೀಲಿನಲ್ಲಿ ಮಾತೆದ್ದಿತ್ತು. ಹರಾಜಿನಲ್ಲಿ ಶೇಟನೇ ಕೂಗಿ ಹಿಡಿಯುತ್ತಾನೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ಕೂರಿಗೆ ಹೂಡಿದೆ. ಬಂದ ತೊಗರಿಯಲ್ಲಿ ಬೀಜ, ಕೂಲಿ ಕಳೆದು ಉಳಿದದ್ದೆಲ್ಲ ನಿನ್ನದೇ. ಪುತಳಾಬಾಯಿಯ ಮನೆಯ ಕಾಳು ತುಂಬುವ ಹಗೇವಿನಲ್ಲಿ ಬೇರೆಯಾಗಿ ಇಟ್ಟಿದ್ದೇವೆ.

ಇದನ್ನು ಮೊದಲೇ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಹೊಲದ ಬಗ್ಗೆ ಬರೆದರೆ ಮನೆಯ ಬಗ್ಗೆಯೂ ಬರೆಯಬೇಕಾಗುತ್ತಿತ್ತು. ನಿನ್ನ ಮನೆಯಲ್ಲಿ ಈಗ ನಾಲ್ಕು ಗೋಡೆ ಬಿಟ್ಟರೆ ಏನೂ ಇಲ್ಲ. ಬಾಗಿಲು, ತೊಲೆ, ಅಕ್ತರಬೀಯ ಬೀಸುವ ಕಲ್ಲು, ಎಲ್ಲವನ್ನೂ ಹೊತ್ತುಕೊಂಡು ಹೋಗಿದ್ದಾರೆ. ಅದನ್ನು ಬರೆಯಲು ನನ್ನ ಕೈ ಬರಲಿಲ್ಲ.

ಈಗ ಮೊನ್ನೆಯ ಸಭೆಯ ಸುದ್ದಿ. ಈ ಸಲ ಅದು ಸುಳ್ಳು ಸಭೆ ಆಗಿರಲಿಲ್ಲ. ಅರ್ಜಿ ಕಳಿಸುವ ಮೊದಲು ಅಧ್ಯಕ್ಷರನ್ನೂ ಸದಸ್ಯರನ್ನೂ ಗೊತ್ತು ಮಾಡಬೇಕಿತ್ತು. ನೀನು ಒಲ್ಲೆ ಅಂದಿದ್ದರೂ ನಿನ್ನ ಹೆಸರನ್ನು ನಾನು ಸಭೆಯ ಮುಂದಿಟ್ಟಿದ್ದೆ. ಕಾಶೀರಾಮ ಶೇಟ ಗೋದಾಮಿನ ಕೀಲಿಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಇಟ್ಟುಕೊಂಡು ಕೂತಿದ್ದ.

"ಓಡಿ ಹೋದವನ ಹೆಸರು ಯಾಕ ಬೇಕ್ರಿ? ಅದನ್ನ ತೆಗೀರಿ, ಕೀಲಿ ಇವತ್ತೇ ಕೊಡ್ತೇನಿ" ಅಂದ.

ದತ್ತಾತ್ರೇಯರು ಯೋಚಿಸಿ, ಸದ್ಯಕ್ಕೆ ಶೇಟರು ಹೇಳಿದಂತೆ ಆಗಲಿ, ಖಾಜಾ ಮಿಯಾನನ್ನು ರಜಿಸ್ಟರ್ ಆದ ಮೇಲೆ ಸೇರಿಸಿಕೊಳ್ಳಬಹುದು ಎಂದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ, ಮಳೆಗಾಲದ ಮೊದಲೇ ಕೆಲಸ ಮುಗಿಯಬೇಕೆಂಬ ಆತುರವಿತ್ತು. ಆಗ ಪುತಳಾಬಾಯಿ ಎದ್ದಳು.

"ಸಾಹೇಬ್ರ, ಸಭಾದಾಗ ಎಲ್ಲರೂ ಮಾತಾಡಿದ ಮ್ಯಾಲ ನಿರ್ಣಯ ಅಂತ ನೀವೇ ಕಲಿಸೀರಿ. ಈಗ ನೀವೇ ಮೊದಲ ಹೇಳಿಬಿಟ್ರ ನಾವು ಕೂತಿದ್ದು ಯಾಕ್ರಿ?"

ಆಕೆ ಶೇಟನ ಕಡೆ ತಿರುಗಿದಳು.

"ಖಾಜಾ ಮಿಯಾ ಓಡಿ ಹೋಗಿಲ್ರಿ, ನಾವು ಓಡಿಸೇವಿ. ಅವತ್ತ ಅವರ ಮನಿ ಬಾಗಲಾ ಮುರಿಯೋ ಸಪ್ಪಳ ನಾ ಕೇಳೇನಿ. ನಮ್ಮ ಬಾಗಲಾ ಹಾಕ್ಕೊಂಡು ಒಳಗ ಕೂತೇನಿ. ಇವತ್ತ ಮತ್ತ ಹಂಗ ಕೂಡಾಂಗಿಲ್ಲ. ಅವರ ಹೆಸರು ಇರಬೇಕು ಅನ್ನೋರು ಕೈ ಎತ್ರಿ."

ಖಾಜಾ, ಮೊದಲು ಎದ್ದದ್ದು ಮಡೆಪ್ಪನ ಕೈ. ಆಮೇಲೆ ಒಂದೊಂದೇ ಎದ್ದವು. ಕೈ ಎತ್ತಿದ ಕೆಲವರು ತಲೆ ಎತ್ತಲಿಲ್ಲ, ನೆಲ ನೋಡುತ್ತ ಕೂತಿದ್ದರು. ಅವರು ಯಾರೆಂದು ನೀನೇ ತಿಳಿದುಕೋ. ಎತ್ತದೆ ಉಳಿದದ್ದು ಶೇಟ ಮತ್ತು ಅವನ ಇಬ್ಬರು ಆಳುಗಳು. ಶೇಟ ಕೀಲಿ ತೆಗೆದುಕೊಂಡು ಎದ್ದುಹೋದ. ಅದೇ ಸಭೆಯಲ್ಲಿ ಪುತಳಾಬಾಯಿಯನ್ನು ಅಧ್ಯಕ್ಷಳನ್ನಾಗಿ ಆರಿಸಿದೆವು, ನಾನು ಕಾರ್ಯದರ್ಶಿ. ಗೋದಾಮಿಗೆ ಅವ್ವ ನಮ್ಮ ದನದ ಕೊಟ್ಟಿಗೆ ಬಿಟ್ಟುಕೊಟ್ಟಿದ್ದಾಳೆ. ದನ ಈಗ ಅಂಗಳದಲ್ಲಿವೆ. ಸಭೆ ಮುಗಿದ ಮೇಲೆ ದತ್ತಾತ್ರೇಯರು ನನ್ನ ಹೆಗಲ ಮೇಲೆ ಕೈ ಹಾಕಿ, ಇವತ್ತು ನನ್ನ ಮಾತು ಬಿದ್ದುಹೋಯಿತು, ಇಷ್ಟು ದಿನದ ನೌಕರಿಯಲ್ಲಿ ಇಂಥ ಸಂತೋಷ ಆಗಿರಲಿಲ್ಲ ಎಂದರು.

ಅರ್ಜಿಯನ್ನು ಅವರೇ ಬೀದರಿಗೆ ತರುತ್ತಿದ್ದಾರೆ. ಅದರಲ್ಲಿ ನಿನ್ನ ಸಹಿಯ ಜಾಗ ಖಾಲಿ ಇದೆ. ಹೊಲ ನಿನ್ನದು, ಕೈ ನಿನ್ನದು. ಶೇಟನಿಗೆ ಮಾರಿದರೂ ನಾನು ಅಡ್ಡ ಬರುವುದಿಲ್ಲ.

ಜ್ಞಾನೋಬಾ


ಬೀದರ
9 ಜುಲೈ 1950

ಜ್ಞಾನೋಬಾ,

ನಿನ್ನ ಪತ್ರವನ್ನು ನಾನು ಹರಿಯಲಿಲ್ಲ. ಉತ್ತರವನ್ನೂ ಬರೆಯಲಿಲ್ಲ. ಪತ್ರ ಬಹಳ ದಿನ ಅಂಗಿಯ ಜೇಬಿನಲ್ಲೇ ಇತ್ತು. ಕೊನೆಗೆ ಒಂದು ಸಂಜೆ ಅಕ್ತರಬೀಗೆ ಪೂರ್ತಿ ಓದಿ ಹೇಳಿದೆ. ಪುತಳಾಬಾಯಿಯ ಮಾತು ಬಂದಾಗ ಮತ್ತೊಮ್ಮೆ ಓದು ಅಂದಳು. ಓದಿದೆ. ಇನ್ನೊಮ್ಮೆ ಅಂದಳು.

ಮರುದಿನ ದತ್ತಾತ್ರೇಯರನ್ನು ಹುಡುಕಿಕೊಂಡು ಹೋಗಿ ಸಹಿ ಹಾಕಿದೆ. ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಕಾಶೀರಾಮ ಶೇಟ ತಕರಾರು ಅರ್ಜಿ ಹಾಕಿದ್ದ. ಊರು ಬಿಟ್ಟು ಓಡಿದವನನ್ನು ಸದಸ್ಯನೆಂದು ತೋರಿಸಿ ಸರ್ಕಾರಕ್ಕೆ ಮೋಸ ಮಾಡಿದ್ದಾರೆ ಎಂದು ಬರೆದಿದ್ದ. ವಿಚಾರಣೆಗೆ ಬರಬೇಕೆಂದು ನನಗೆ ಹುಕುಮು ಬಂತು. ಹೋಗುವ ದಿನ ಅಕ್ತರಬೀ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಗೆ ಅಂದರೆ, ನಾನೂ ಬರುತ್ತೇನೆ ಅಂದಳು.

ವಿಚಾರಣೆ ನಡೆಸುವ ಸಾಹೇಬರು ಹೊಸಬರು, ಮದ್ರಾಸಿನ ಕಡೆಯಿಂದ ಬಂದವರು ಎಂದು ಕಾಣುತ್ತದೆ. ನೀನು ಊರು ಬಿಟ್ಟು ಓಡಿ ಬಂದದ್ದು ನಿಜವೇ ಎಂದು ಕೇಳಿದರು. ಪೊಲೀಸರು, ಕಚೇರಿ, ಕಾಗದ ಎಂದರೆ ನಮ್ಮವರಿಗೆ ಈಗ ಎದೆ ಹೊಡೆದುಕೊಳ್ಳುತ್ತದೆ. ಆದರೂ ಬಾಯಿಗೆ ಮಾತು ಬಂತು.

"ನಾ ಓಡಿ ಬಂದೇನಿ, ನಿಜ ಅದ್ರಿ. ಹೊಲ ನನ್ನ ಜೋಡಿ ಓಡಿ ಬಂದಿಲ್ರಿ ಸಾಹೇಬ್ರ. ಅದು ಅಲ್ಲೇ ಅದ."

ದತ್ತಾತ್ರೇಯರು ಅದನ್ನು ಸಾಹೇಬರಿಗೆ ತಿಳಿಸಿ, ಸಂಘದ ಎಲ್ಲೆಯೊಳಗೆ ಮನೆ ಇದ್ದವರೂ ಸದಸ್ಯರಾಗಬಹುದು, ಹೊಲ ಇದ್ದವರೂ ಆಗಬಹುದು ಎಂಬ ನಿಯಮವನ್ನು ತೆಗೆದು ತೋರಿಸಿದರು. ಸಾಹೇಬರು ಅದನ್ನು ಓದಿ ನನ್ನ ಮುಖ ನೋಡಿದರು. ಮುಂದಾದರೂ ಊರಿಗೆ ಹೋಗುವ ಮನಸ್ಸಿದೆಯೇ ಎಂದು ಉರ್ದುವಿನಲ್ಲಿ ಕೇಳಿದರು. ಆಗ ಹಿಂದಿನಿಂದ ಅಕ್ತರಬೀ ಕನ್ನಡದಲ್ಲೇ ಹೇಳಿದಳು.

"ಹೋಗ್ತೇವ್ರಿ. ಬರಕೋರಿ."

ದತ್ತಾತ್ರೇಯರು ಅದನ್ನೂ ತಿಳಿಸಿದ ಮೇಲೆ ಸಾಹೇಬರು ಬರೆದುಕೊಂಡರು. ಶೇಟನ ತಕರಾರು ಬಿದ್ದುಹೋಯಿತು. ಸಂಘ ರಜಿಸ್ಟರ್ ಆಗಲು ಇನ್ನು ಮೇಲಿನ ಮೊಹರು ಬೀಳುವುದೊಂದೇ ಬಾಕಿ ಎಂದು ದತ್ತಾತ್ರೇಯರು ಹೇಳಿದರು.

ಅವ್ವನಿಗೆ ಹೇಳು, ನಾನು ಮುನ್ಷಿ ಅಲ್ಲ. ಹೊಟ್ಟು ತೂರುವ ಕೆಲಸ ನನ್ನದು, ಸಂಜೆ ಮನೆಗೆ ಬರುವಾಗ ಹುಬ್ಬು ಕೂಡ ಬೆಳ್ಳಗಾಗಿರುತ್ತದೆ. ನಮ್ಮೂರ ತೊಗರಿ ಎಷ್ಟು ಕೈ ದಾಟಿ ಇಲ್ಲಿಗೆ ಬರುತ್ತದೆ ಎಂದು ದಿನಾ ನೋಡುತ್ತೇನೆ. ಕಾರಖಾನೆಯ ಮಾಲೀಕನ ಹತ್ತಿರ ಮಾತಾಡಿದ್ದೇನೆ. ಮಾಲು ಹಸನಾಗಿದ್ದರೆ ಸಂಘದಿಂದ ನೇರವಾಗಿ ಕೊಳ್ಳಲು ಅವನಿಗೆ ಅಡ್ಡಿ ಇಲ್ಲವಂತೆ. ಇದನ್ನು ಸಭೆಯ ಮುಂದಿಡು.

ಈ ಸಲವೂ ನನ್ನ ಹೊಲ ನೀನೇ ಬಿತ್ತು. ಈ ಸಲ ನಾನು ಕೇಳಿಕೊಂಡು ಬಿತ್ತಿಸುತ್ತಿದ್ದೇನೆ.

ಖಾಜಾ


ಭಾಲ್ಕಿ ಸ್ಟೇಷನ್
28 ಜನವರಿ 1951

ಖಾಜಾ,

ಮಾಲು ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ವ್ಯಾಗನ್ನಿಗೆ ಈಗಷ್ಟೇ ಬಾಗಿಲು ಹಾಕಿ ಅರಗು ಒತ್ತಿದರು. ಒಳಗೆ ನಮ್ಮ ತೊಗರಿ ಇದೆ. ಚೀಲಗಳ ಮೇಲೆ ರಜಿಸ್ಟರ್ ಆದ ಸಂಘದ ಹೆಸರಿದೆ. ಪತ್ರ ಅದೇ ಗಾಡಿಗೆ ಹೋಗುತ್ತದೆ, ಆದ್ದರಿಂದ ಅವಸರ.

ನೀನು ಹೇಳಿದಂತೆ ಪ್ರತಿ ಮನೆಯ ತೊಗರಿಯನ್ನೂ ಕೊಟ್ಟಿಗೆಯಲ್ಲಿ ಜರಡಿ ಹಿಡಿದೆವು. ಮೊದಲ ದಿನವೇ ಮಡೆಪ್ಪನ ಚೀಲ ಹಸಿ ಎಂದು ಪುತಳಾಬಾಯಿ ವಾಪಸು ಕಳಿಸಿದಳು. ಮಡೆಪ್ಪ ಆಕೆಗೆ ಮೈದುನ ಆಗಬೇಕು. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಒಣಗಿಸಿ ತಂದ. ಆಮೇಲೆ ಬೇರೆಯವರ ಚೀಲದಲ್ಲಿ ಕೈ ಹಾಕಿ ನೋಡುವುದರಲ್ಲಿ ಅವನೇ ಎಲ್ಲರಿಗಿಂತ ಮುಂದೆ.

ಗಾಡಿಗಳನ್ನು ಹೂಡಿಕೊಂಡು ಬಂದಾಗ ಭಾಲ್ಕಿಯ ಹಮಾಲರು ಒಬ್ಬರೂ ಚೀಲ ಮುಟ್ಟಲಿಲ್ಲ. ಶೇಟನ ಮಾತು ಮೀರಿದರೆ ನಾಳೆ ಅವರಿಗೆ ಕೆಲಸವಿಲ್ಲ. ಅವರನ್ನು ಬೈದು ಏನು ಪ್ರಯೋಜನ? ನಾವೇ ಹೊತ್ತೆವು. ಬಿಸಿಲೇರುವಷ್ಟರಲ್ಲಿ ಸೊಂಟ ಬಿದ್ದುಹೋಯಿತು, ಅರ್ಧವೂ ಆಗಿರಲಿಲ್ಲ. ವ್ಯಾಗನ್ನು ಸಂಜೆಗೆ ಹೊರಡುವುದು. ಆಗ ಭಾತಂಬ್ರಾದ ಗಾಡಿಗಳು ಬಂದವು. ಅವರು ಶೇಟನಿಗೆ ಮಾಲು ಹಾಕಲು ಬಂದವರು. ನಮ್ಮ ಅವಸ್ಥೆ ನೋಡಿ, ಇದೇನು, ಯಾರದು ಎಂದು ಕೇಳಿದರು. ಹೇಳಿದೆವು. ಅವರಲ್ಲಿ ಹಿರಿಯನೊಬ್ಬ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಒಂದು ಚೀಲಕ್ಕೆ ಬೆನ್ನು ಕೊಟ್ಟ. ಉಳಿದವರು ಅವನ ಹಿಂದೆ ಬಂದರು. ಖಾಜಾ, ಆ ಹೊತ್ತಿನಲ್ಲಿ ನೀನು ಇಲ್ಲಿರಬೇಕಿತ್ತು.

ಎಲ್ಲ ತುಂಬಿದ ಮೇಲೆ ಸ್ಟೇಷನ್ನಿನ ಬಾಬು ಮಾಲು ಯಾರದು ಎಂದು ಕೇಳಿದ. ಸಂಘದ್ದು ಅಂದೆವು. ಸಂಘ ಅಂದರೆ ಯಾರು, ಕರೆಯಿರಿ ಅಂದ. ಪುತಳಾಬಾಯಿ ಸೆರಗು ಸರಿ ಮಾಡಿಕೊಂಡು ಮುಂದೆ ಬಂದು, "ನಾವೇ ರೀ" ಅಂದಳು. ರಶೀದಿಯ ಮೇಲೆ ನಿಧಾನವಾಗಿ, ಒಂದಕ್ಷರವೂ ಬಿಡದೆ ಸಹಿ ಮಾಡಿದಳು. ಬಾಬು ಅದು ಮುಗಿಯುವವರೆಗೂ ಕಾದ.

ಭಾತಂಬ್ರಾದವರು ದತ್ತಾತ್ರೇಯರನ್ನು ತಮ್ಮೂರಿಗೆ ಕರೆದಿದ್ದಾರೆ. ಇನ್ನು ಮಾಲು ನಿನ್ನ ಕೈಯಲ್ಲಿ.

ಜ್ಞಾನೋಬಾ


ಬೀದರ
2 ಫೆಬ್ರವರಿ 1951

ಜ್ಞಾನೋಬಾ,

ವ್ಯಾಗನ್ನು ಬಂತು. ಬೆಳಿಗ್ಗೆ ಸ್ಟೇಷನ್ನಿಗೆ ಹೋದೆ. ನಿಮ್ಮೆಲ್ಲರ ಪರವಾಗಿ ಇಳಿಸಿಕೊಳ್ಳುವವನು ಯಾರು ಎಂದು ಕೇಳಿದಾಗ ನಾನು ಅಂದೆ. ಆ ಮಾತು ಹೇಳುವಾಗ ಎದೆ ಉಬ್ಬಿದ್ದನ್ನು ನಿನಗೆ ಬರೆದು ತಿಳಿಸಲು ಆಗುವುದಿಲ್ಲ.

ಕಾರಖಾನೆಯಲ್ಲಿ ಶೇಟನ ಗುಮಾಸ್ತ ಮೊದಲೇ ಬಂದು ಕೂತಿದ್ದ. ಹಳ್ಳಿಯವರ ಮಾಲಿನಲ್ಲಿ ಅರ್ಧ ಮಣ್ಣು ಎಂದು ಮಾಲೀಕನ ಕಿವಿ ಊದಿದ್ದ. ಮಾಲೀಕ ತನಗೆ ಬೇಕಾದ ಚೀಲ ಆರಿಸಿ ಬಾಯಿ ಬಿಚ್ಚಿಸಿದ, ಜರಡಿ ಹಿಡಿಸಿದ. ಜರಡಿಯ ಕೆಳಗೆ ಬಿದ್ದದ್ದನ್ನು ಬೆರಳಿನಲ್ಲಿ ಒರೆಸಿ ನೋಡಿ, ಇನ್ನೊಂದು ಚೀಲ ಅಂದ. ಅದರಲ್ಲೂ ಹಾಗೆಯೇ. ಮೂರನೆಯದನ್ನು ಬಿಚ್ಚಿಸಲಿಲ್ಲ. ಗುಮಾಸ್ತನನ್ನು ಕರೆದು, ಇನ್ನು ಮುಂದೆ ನಿಮ್ಮ ಶೇಟರೂ ಹೀಗೆ ಹಸನು ಮಾಡಿ ಕಳಿಸಲಿ ಎಂದ. ಭಾಲ್ಕಿಯ ಭಾವಕ್ಕಿಂತ ಒಳ್ಳೆಯ ಭಾವಕ್ಕೆ ಪೂರ್ತಿ ಮಾಲು ಹೋಯಿತು, ಬರುವ ವರ್ಷ ಎರಡು ವ್ಯಾಗನ್ನು ಬೇಕಂತೆ. ಹೊಟ್ಟು ತೂರುವ ನನ್ನ ಜೊತೆಗಾರರು ಕೆಲಸ ನಿಲ್ಲಿಸಿ ಬಂದು ನಿಂತಿದ್ದರು. ಮಾಲೀಕ ಅವರನ್ನು ಬೈಯಲಿಲ್ಲ.

ಮನೆಗೆ ಬಂದಾಗ ಅಕ್ತರಬೀ ಟ್ರಂಕು ತೆಗೆದು ಬಟ್ಟೆ ಮಡಿಚುತ್ತಿದ್ದಳು. ಇನ್ನೂ ಮನೆ ಕಟ್ಟಬೇಕಲ್ಲ ಅಂದೆ. ಕಟ್ಟುವುದು ಅಲ್ಲಿದ್ದುಕೊಂಡೋ, ಇಲ್ಲಿದ್ದುಕೊಂಡೋ ಎಂದು ನನ್ನನ್ನೇ ಕೇಳಿದಳು.

ಬರುತ್ತಿದ್ದೇವೆ.

ಖಾಜಾ


ಠಾಣಾ ಕುಶನೂರ
17 ಜೂನ್ 1951

ಗೆಳೆಯ ಜ್ಞಾನೋಬಾನಿಗೆ ಖಾಜಾನ ಸಲಾಮು.

ಹೈದರಾಬಾದಿನ ತರಬೇತಿ ಹೇಗಿದೆ? ಕಾರ್ಯದರ್ಶಿಗಳಿಗೆಂದೇ ಇರುವ ಶಾಲೆ ಎಂದು ಬರೆದಿದ್ದೆ. ಕಲಿತು ಬೇಗ ಬಾ, ನಿನ್ನ ಬದಲು ಇಲ್ಲಿನ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಅವ್ವ ಆರಾಮಾಗಿದ್ದಾಳೆ. ದಿನಾ ಅಕ್ತರಬೀಯ ಹತ್ತಿರ ಕೂತು ನಿನ್ನ ಮೇಲೆ ದೂರು ಹೇಳುತ್ತಾಳೆ.

ಮನೆಗೆ ಮಾಳಿಗೆ ಹಾಕಿಯಾಯಿತು. ಗೋಡೆ ಸರಿಮಾಡುವಾಗ ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಹಳೆಯ ತೊಲೆಗಳಲ್ಲಿ ಎರಡು ಅಂಗಳದಲ್ಲಿ ಬಿದ್ದಿದ್ದವು. ಯಾರು ತಂದಿಟ್ಟರೋ, ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಕ್ತರಬೀ ಅವುಗಳ ಮೇಲೆ ಕೈಯಾಡಿಸಿ, ಹಾಕಿ ಅಂದಳು. ಎಲ್ಲವೂ ಮರೆತುಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಭಾಲ್ಕಿಯ ದಾರಿಯಲ್ಲಿ ಅಣ್ಣ ಬಿದ್ದ ಜಾಗ ಬಂದರೆ ಇವತ್ತಿಗೂ ನಮ್ಮಿಬ್ಬರ ಮಾತು ನಿಲ್ಲುತ್ತದೆ. ಅದನ್ನು ದಾಟಿ ಸ್ವಲ್ಪ ದೂರ ಹೋದ ಮೇಲೆ ಮತ್ತೆ ಶುರುವಾಗುತ್ತದೆ.

ನಿನ್ನೆ ವಾರ್ಷಿಕ ಸಭೆ ಆಯಿತು. ದತ್ತಾತ್ರೇಯರು ಭಾತಂಬ್ರಾದಲ್ಲಿ ಇದ್ದುದರಿಂದ ಬರಲಿಲ್ಲ, ಬೇಕೆಂದೇ ಬರಲಿಲ್ಲ ಎಂದು ನನ್ನ ಅನುಮಾನ. ಕಾಶೀರಾಮ ಶೇಟ ಬಂದಿದ್ದ, ಜಮಖಾನೆಯ ತುದಿಯಲ್ಲಿ ಕೂತಿದ್ದ. ತನ್ನ ಹೊಲದ ತೊಗರಿಯನ್ನೂ ಸಂಘದ ಮೂಲಕ ಕಳಿಸಬೇಕು, ತನ್ನನ್ನೂ ಸದಸ್ಯ ಮಾಡಿಕೊಳ್ಳಬೇಕು ಎಂದು ಅರ್ಜಿ ಕೊಟ್ಟಿದ್ದ. ಸಭೆಯಲ್ಲಿ ಗದ್ದಲವೆದ್ದಿತು. ಪುತಳಾಬಾಯಿ ಎಲ್ಲರನ್ನೂ ಕೂಡಿಸಿ ಒಬ್ಬೊಬ್ಬರಾಗಿ ಮಾತಾಡಿಸಿದಳು. ನಾನು ಎದ್ದು ಬೇಡ ಅಂದೆ, ನನ್ನ ಕಾರಣ ಎಲ್ಲರಿಗೂ ಗೊತ್ತಿತ್ತು. ಬಹಳ ಜನ ತಲೆಯಾಡಿಸಿದರು. ಈ ಸಲ ಅಕ್ತರಬೀಯೂ ಸದಸ್ಯಳು, ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಅಲ್ಲಿಂದಲೇ ಮಾತಾಡಿದಳು.

"ಸೇರಿಸ್ಕೋರಿ. ಹೊರಗ ಇದ್ರ ಅವರು ಏನ್ ಮಾಡ್ತಾರ ನಮಗ ಗೊತ್ತಾಗಾಂಗಿಲ್ಲ. ಒಳಗ ಬಂದ್ರ ಎಲ್ಲರ ಎದುರಿಗಿ ಕೂತು ಮಾತಾಡಬೇಕಾಗ್ತದ."

ಸಭೆ ಅದನ್ನೇ ಹಿಡಿಯಿತು. ಅಡತಿ ಅಂಗಡಿ ಇರುವವರೆಗೆ ಶೇಟ ಕಮಿಟಿಗೆ ನಿಲ್ಲುವಂತಿಲ್ಲ, ತೊಗರಿ ಮಾತ್ರ ಹಾಕಬಹುದು ಎಂದು ಮಡೆಪ್ಪ ಒಂದು ತಿದ್ದುಪಡಿ ತಂದ. ತಿದ್ದುಪಡಿ ಎಂಬ ಶಬ್ದವನ್ನೇ ಅವನು ಉಪಯೋಗಿಸಿದ, ನಗಬೇಡ. ಕೈ ಎತ್ತಿಸಿದಾಗ ನಾನು ಸೋತೆ, ನನ್ನ ಹೆಂಡತಿ ಗೆದ್ದಳು. ಶೇಟ ಎದ್ದು ನಿಂತು ಸಭೆಗೆ ಕೈಮುಗಿದ. ಅವನು ಯಾರಿಗಾದರೂ ಮೊದಲು ಕೈಮುಗಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನು ಸಿಟ್ಟಿನಿಂದ ಮುಂದೆ ಮುಂದೆ ನಡೆದೆ. ಊಟಕ್ಕೆ ಕೂತಾಗ ಅಕ್ತರಬೀ ಮುಖ ನೋಡಿ ನಕ್ಕಳು, ನನಗೂ ನಗು ಬಂತು.

ಬೀದರಿನ ಆಚೆಯ ಬಗದಲ್ ಎಂಬ ಊರಿನಿಂದ ಕರೆ ಬಂದಿದೆ. ಅಲ್ಲಿಯವರೂ ಸಂಘ ಕಟ್ಟಬೇಕೆಂದಿದ್ದಾರೆ. ಹೆಂಗಸರು ಸಭೆಗೆ ಬರುತ್ತಿಲ್ಲವಂತೆ, ಪಾಠ ಹೇಳಲು ಹೆಂಗಸರನ್ನೇ ಕಳಿಸಿ ಎಂದು ದತ್ತಾತ್ರೇಯರು ಬರೆದಿದ್ದಾರೆ. ಪುತಳಾಬಾಯಿ ಮತ್ತು ಅಕ್ತರಬೀ ನಾಳೆ ಬೆಳಿಗ್ಗೆ ಹೊರಡುತ್ತಾರೆ. ಭಾಲ್ಕಿಯಲ್ಲಿ ರೈಲು ಹಿಡಿದು ಬೀದರಿಗೆ, ಅಲ್ಲಿಂದ ಬಗದಲ್ಲಿಗೆ. ಅಕ್ತರಬೀ ಮಧ್ಯಾಹ್ನದಿಂದ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ ಅಲ್ಲಿ ಏನು ಹೇಳಬೇಕೆಂದು ಜೋರಾಗಿ ಹೇಳಿಕೊಳ್ಳುತ್ತಿದ್ದಾಳೆ. ಅವ್ವ ಬಗದಲ್ಲಿನ ಹೆಂಗಸಾಗಿ ಎದುರಿಗೆ ಕೂತು ಅಡ್ಡ ಪ್ರಶ್ನೆ ಹಾಕುತ್ತಿದ್ದಾಳೆ.

ಎತ್ತುಗಳಿಗೆ ಮೇವು ಹಾಕಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ. ಸ್ಟೇಷನ್ನಿನವರೆಗೆ ಗಾಡಿ ನಾನೇ ಹೊಡೆಯುವವನು.

ನಿನ್ನ,
ಖಾಜಾ